‘ನೀನು ಯಾರು?’ ಎಂದು ಕೇಳುವ ಅಧಿಕಾರ: ಪಿಂಟರ್ ನಾಟಕಗಳ ನೆಪದಲ್ಲಿ ಒಂದು ಜಿಜ್ಞಾಸೆ

ಮನುಷ್ಯನು ಮನುಷ್ಯನನ್ನು ಕೇಳುವ ಪ್ರಶ್ನೆಗಳಲ್ಲಿ ‘ನೀನು ಯಾರು?’ ಎಂಬುದಕ್ಕಿಂತ ಸಾಮಾನ್ಯವಾದುದು ಇನ್ನೊಂದಿಲ್ಲ. ಅಂಗಳಕ್ಕೆ ಬಂದ ಅಪರಿಚಿತನಿಗೆ ನಮ್ಮ ಹಿರಿಯರು ಮೊದಲು ನೀರು ಬೆಲ್ಲ ಕೊಟ್ಟು, ಅವನು ದಣಿವಾರಿಸಿಕೊಂಡ ಮೇಲೆ ‘ಯಾವ ಊರಾಯಿತು? ಯಾರ ಪೈಕಿ?’ ಎಂದು ವಿಚಾರಿಸುತ್ತಿದ್ದರು. ಅದು ಪರಿಚಯದ ಪ್ರಶ್ನೆ. ಇದೇ ಪ್ರಶ್ನೆಯನ್ನು ಸಾಧಕನು ತನಗೆ ತಾನೇ ಹಾಕಿಕೊಂಡರೆ ಅದು ಅಧ್ಯಾತ್ಮವಾಗುತ್ತದೆ. ಆದರೆ ನಡುರಾತ್ರಿ ಬಾಗಿಲು ತಟ್ಟಿದ ಇಬ್ಬರು ಅಪರಿಚಿತರು, ಉತ್ತರವೇನೆಂದು ಮೊದಲೇ ತೀರ್ಮಾನಿಸಿಕೊಂಡು ಬಂದು ಅದನ್ನೇ ಕೇಳಿದರೆ? ಪದಗಳು ಅವೇ, ಅರ್ಥ ಮಾತ್ರ ಬೇರೆ. ಹಾಗಾದರೆ ಈ ಪ್ರಶ್ನೆಯನ್ನು ಕೇಳುವ ಅಧಿಕಾರ ಯಾರದು? ಉತ್ತರಿಸಲೇಬೇಕಾದ ಬಾಧ್ಯತೆ ಯಾರದು? ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳುವವನ ಕರ್ತವ್ಯವೇನು? ಈ ಮೂರು ಪ್ರಶ್ನೆಗಳು ನಿವೃತ್ತಿಯ ನಂತರದ ನನ್ನ ಓದಿನಲ್ಲಿ ಮತ್ತೆ ಮತ್ತೆ ಎದುರಾದುದು ಇಂಗ್ಲೆಂಡಿನ ನಾಟಕಕಾರ ಹೆರಾಲ್ಡ್ ಪಿಂಟರ್‌ನ ಕೃತಿಗಳಲ್ಲಿ.

ಬಿ.ಎ. ತರಗತಿಯಲ್ಲಿದ್ದಾಗ ಅವನ ‘ದಿ ಬರ್ತ್‌ಡೇ ಪಾರ್ಟಿ’ ನಾಟಕವನ್ನು ಮೊದಲ ಬಾರಿ ಓದಿದ್ದೆ. ತಲೆಬುಡ ತಿಳಿಯಲಿಲ್ಲವೆಂದು ಒಪ್ಪಿಕೊಳ್ಳಲು ಸಂಕೋಚವಿಲ್ಲ. ‘ಅಸಂಗತ ನಾಟಕ’ ಎಂಬ ಮಾತು ಆಗ ಕನ್ನಡದಲ್ಲೂ ಹೊಸದಾಗಿತ್ತು. ಚಂದ್ರಶೇಖರ ಪಾಟೀಲರ ‘ಕೊಡೆಗಳು’ ನಾಟಕದ ಚರ್ಚೆ ನಮ್ಮ ಕಿವಿಗೂ ಬಿದ್ದಿತ್ತು. ಅಸಂಗತವೆಂದರೆ ಅರ್ಥವಿಲ್ಲದ್ದು, ಆದುದರಿಂದ ಅರ್ಥವಾಗದಿದ್ದರೂ ದೋಷ ನಮ್ಮದಲ್ಲ ಎಂದು ಸಮಾಧಾನಪಟ್ಟುಕೊಂಡಿದ್ದೆವು. ಎಪ್ಪತ್ತು ದಾಟಿದ ಮೇಲೆ ಮತ್ತೆ ಓದಿದಾಗ, ಅರ್ಥವಾಗದೆ ಉಳಿಯುವ ಒಂದು ಮಾತೂ ಅದರಲ್ಲಿಲ್ಲವೇನೋ ಎನ್ನಿಸಿತು. ನಾಟಕ ಬದಲಾಗಿರಲಿಲ್ಲ, ಓದುಗನಿಗೆ ವಯಸ್ಸಾಗಿತ್ತು.

ಕಥೆ ಸರಳ. ಇಂಗ್ಲೆಂಡಿನ ಕಡಲತೀರದ ಒಂದು ಊರಿನಲ್ಲಿ ಮೆಗ್ ಮತ್ತು ಪೀಟಿ ಎಂಬ ವೃದ್ಧ ದಂಪತಿಗಳ ಮನೆ. ಪೀಟಿಗೆ ಸಮುದ್ರದಂಡೆಯಲ್ಲಿ ಬಾಡಿಗೆ ಕುರ್ಚಿಗಳನ್ನು ನೋಡಿಕೊಳ್ಳುವ ಕೆಲಸ. ಆ ಮನೆಯಲ್ಲಿ ಊಟ ವಸತಿಗೆ ಹಣ ಕೊಟ್ಟು ತಂಗಿರುವ ಏಕೈಕ ವ್ಯಕ್ತಿ ಸ್ಟ್ಯಾನ್ಲಿ. ಹಿಂದೆ ಪಿಯಾನೋ ನುಡಿಸುತ್ತಿದ್ದೆ, ಒಂದು ಕಚೇರಿಯನ್ನೂ ಕೊಟ್ಟಿದ್ದೆ ಎನ್ನುತ್ತಾನೆ. ನಿಜವೋ ಸುಳ್ಳೋ ಯಾರಿಗೂ ತಿಳಿಯದು. ಒಂದು ದಿನ ಗೋಲ್ಡ್‌ಬರ್ಗ್ ಮತ್ತು ಮಕ್ಯಾನ್ ಎಂಬ ಇಬ್ಬರು ಅಲ್ಲಿಗೆ ಬರುತ್ತಾರೆ. ಅವರನ್ನು ಕಳುಹಿಸಿದವರು ಯಾರು, ಸ್ಟ್ಯಾನ್ಲಿಯ ಅಪರಾಧವೇನು ಎಂಬುದು ಕೊನೆಯವರೆಗೂ ತಿಳಿಯುವುದಿಲ್ಲ. ಇಂದು ತನ್ನ ಹುಟ್ಟುಹಬ್ಬವಲ್ಲವೆಂದು ಅವನು ಹೇಳಿದರೂ ಎಲ್ಲರೂ ಸೇರಿ ಹಬ್ಬ ಮಾಡುತ್ತಾರೆ. ಮೆಗ್ ಪ್ರೀತಿಯಿಂದ ಮಕ್ಕಳಾಟಿಕೆಯ ಡೋಲೊಂದನ್ನು ಉಡುಗೊರೆ ಕೊಡುತ್ತಾಳೆ. ಬಂದವರಿಬ್ಬರೂ ಅವನನ್ನು ಕುಳ್ಳಿರಿಸಿ ಪ್ರಶ್ನೆಗಳ ಮಳೆಗರೆಯುತ್ತಾರೆ: ಹೆಂಡತಿಯನ್ನು ಏಕೆ ಕೊಂದೆ? ಮದುವೆಯನ್ನೇ ಏಕೆ ಆಗಲಿಲ್ಲ? ಹೆಸರನ್ನು ಏಕೆ ಬದಲಿಸಿದೆ? 846 ಎಂಬ ಸಂಖ್ಯೆ ಸಾಧ್ಯವೋ, ಅನಿವಾರ್ಯವೋ? ಕಣ್ಣು ಕಟ್ಟಿ ಆಡುವ ಆಟದಲ್ಲಿ ಅವನ ಕನ್ನಡಕವನ್ನು ಮುರಿಯುತ್ತಾರೆ. ಮರುದಿನ ಬೆಳಿಗ್ಗೆ ಕ್ಷೌರ ಮಾಡಿಸಿಕೊಂಡು, ಶುಭ್ರ ಕಾಲರು ಕಪ್ಪು ಸೂಟು ಧರಿಸಿ ಸ್ಟ್ಯಾನ್ಲಿ ಇಳಿದು ಬರುತ್ತಾನೆ. ಆದರೆ ಅವನಿಗೆ ಮಾತು ಹೋಗಿದೆ. ಗಂಟಲಿನಿಂದ ಬರುವುದು ಗೊರಗೊರ ಸದ್ದು ಮಾತ್ರ. ಕಾರಿನಲ್ಲಿ ಕೂರಿಸಿ ಕರೆದೊಯ್ಯುತ್ತಾರೆ.

ಇಲ್ಲಿ ಗಮನಿಸಬೇಕಾದುದು ಆ ಪ್ರಶ್ನೆಗಳ ಬಗೆ. ಹೆಂಡತಿಯನ್ನು ಕೊಂದವನೂ ಅವನೇ, ಮದುವೆಯಾಗದೆ ಉಳಿದವನೂ ಅವನೇ ಎಂದರೆ ತರ್ಕ ನಿಲ್ಲುವುದಿಲ್ಲ. ನಿಲ್ಲಬೇಕೆಂಬ ಉದ್ದೇಶವೂ ಕೇಳುವವರಿಗಿಲ್ಲ. ಉತ್ತರ ಅವರಿಗೆ ಬೇಡ. ಉತ್ತರಿಸಬೇಕಾದ ಸ್ಥಾನದಲ್ಲಿ ಅವನನ್ನು ಕೂರಿಸುವುದೇ ಅವರಿಗೆ ಬೇಕಾದುದು. ನಲವತ್ತು ವರ್ಷ ಪ್ರಶ್ನೆ ಕೇಳುವುದನ್ನೇ ವೃತ್ತಿಯಾಗಿಸಿಕೊಂಡಿದ್ದ ನನಗೆ ಈ ದೃಶ್ಯ ಇಂದಿಗೂ ನಡುಕ ಹುಟ್ಟಿಸುತ್ತದೆ.

ಈ ನಾಟಕ ಮೊದಲು ರಂಗವೇರಿದ್ದು 1958ರ ಏಪ್ರಿಲ್ 28ರಂದು ಕೇಂಬ್ರಿಜ್‌ನಲ್ಲಿ. ಮೇ 19ರಂದು ಲಂಡನ್ನಿನ ಹ್ಯಾಮರ್‌ಸ್ಮಿತ್‌ಗೆ ಬಂದಾಗ ಪತ್ರಿಕೆಗಳು ಮುಖ ತಿರುಗಿಸಿದವು. ಒಂದೇ ವಾರದಲ್ಲಿ, ಎಂಟು ಪ್ರಯೋಗಗಳಿಗೆ, ತೆರೆ ಬಿತ್ತು. ಗುರುವಾರ ಮಧ್ಯಾಹ್ನದ ಆಟಕ್ಕೆ ಬಂದ ಪ್ರೇಕ್ಷಕರು ಆರು ಮಂದಿ. ‘ಸಂಡೇ ಟೈಮ್ಸ್’ ಪತ್ರಿಕೆಯ ಹೆರಾಲ್ಡ್ ಹಾಬ್ಸನ್ ಒಬ್ಬರು ಮಾತ್ರ ಈ ಯುವಕನಲ್ಲಿ ಅಸಾಧಾರಣ ಪ್ರತಿಭೆಯನ್ನು ಕಂಡರು. ಅವರ ಬರೆಹ ಅಚ್ಚಾಗುವ ಹೊತ್ತಿಗೆ ನಾಟಕ ನಿಂತುಹೋಗಿತ್ತು. ಅದೇ ವರ್ಷ ಇರ್ವಿಂಗ್ ವಾರ್ಡಲ್ ಎಂಬ ವಿಮರ್ಶಕರು ಇಂಥ ನಾಟಕಗಳನ್ನು ‘ಭೀತಿಯ ವಿನೋದ ನಾಟಕ’ ಎಂಬ ಅರ್ಥದ ಹೆಸರಿನಿಂದ ಕರೆದರು. 1961ರಲ್ಲಿ ಮಾರ್ಟಿನ್ ಎಸ್ಲಿನ್ ಅಸಂಗತ ರಂಗಭೂಮಿಯ ಬಗ್ಗೆ ಬರೆದ ಪ್ರಸಿದ್ಧ ಗ್ರಂಥದಲ್ಲಿ ಪಿಂಟರ್‌ನಿಗೂ ಸ್ಥಾನ ಸಿಕ್ಕಿತು.

ಆದರೆ ಅಸಂಗತವೆಂಬ ಹಣೆಪಟ್ಟಿ ಪಿಂಟರ್‌ನಿಗೆ ಅರ್ಧ ಮಾತ್ರ ಒಪ್ಪುತ್ತದೆ. ಸ್ಯಾಮ್ಯುಯೆಲ್ ಬೆಕೆಟ್‌ನ ಪಾತ್ರಗಳು ಬಾರದವನಿಗಾಗಿ ಕಾಯುತ್ತವೆ. ಪಿಂಟರ್‌ನ ಪಾತ್ರಗಳು ಬರಬಾರದವರ ಬರವಿಗೆ ಅಂಜುತ್ತವೆ. ಬೆಕೆಟ್‌ನ ಶೂನ್ಯಕ್ಕೆ ಊರು ಹೆಸರಿಲ್ಲ. ಪಿಂಟರ್‌ನ ಭಯಕ್ಕೆ ಊರೂ ಇದೆ, ಇಸವಿಯೂ ಇದೆ. ಪಿಂಟರ್ ಹುಟ್ಟಿದ್ದು 1930ರಲ್ಲಿ, ಲಂಡನ್ನಿನ ಹ್ಯಾಕ್ನಿಯಲ್ಲಿ, ಯಹೂದಿ ದರ್ಜಿಯೊಬ್ಬರ ಮಗನಾಗಿ. 1939ರಲ್ಲಿ ಯುದ್ಧ ಆರಂಭವಾದಾಗ ಒಂಬತ್ತರ ಆಸುಪಾಸಿನ ಈ ಹುಡುಗನನ್ನು ತಂದೆತಾಯಿಗಳಿಂದ ಬೇರ್ಪಡಿಸಿ ದೂರದ ಕಾರ್ನ್‌ವಾಲ್‌ಗೆ ಕಳುಹಿಸಲಾಯಿತು. ಮರಳಿ ಬಂದಾಗ ಬಾಂಬುಗಳಿಂದ ಉರಿಯುವ ಲಂಡನ್ನನ್ನು ಕಂಡ. ಕಡಲಾಚೆ, ತನ್ನ ಜನರ ಮನೆಗಳ ಬಾಗಿಲನ್ನು ತಟ್ಟಿ, ಹೆಸರು ಕೇಳಿ, ಪಟ್ಟಿಯಲ್ಲಿ ಗುರುತು ಹಾಕಿ ಕರೆದೊಯ್ಯುತ್ತಿದ್ದ ಕಾಲವದು. ಯುದ್ಧ ಮುಗಿದ ಮೇಲೂ ಪೂರ್ವ ಲಂಡನ್ನಿನ ಬೀದಿಗಳಲ್ಲಿ ಮೋಸ್ಲಿಯ ಫ್ಯಾಸಿಸ್ಟ್ ಅನುಯಾಯಿಗಳು ತಲೆಯೆತ್ತಿದ್ದರು. ಹದಿನೆಂಟರಲ್ಲಿ ಕಡ್ಡಾಯ ಸೇನಾ ಸೇವೆಗೆ ಕರೆ ಬಂದಾಗ ಪಿಂಟರ್ ಅಂತಃಸಾಕ್ಷಿಯ ಕಾರಣ ನೀಡಿ ನಿರಾಕರಿಸಿದ. ವಿಚಾರಣೆಗಳನ್ನು ಎದುರಿಸಿ ದಂಡ ತೆತ್ತ. ಮುಂದೆ ಸಂಚಾರಿ ನಟನಾಗಿದ್ದಾಗ, 1954ರಲ್ಲಿ, ಈಸ್ಟ್‌ಬೋರ್ನ್ ಎಂಬ ಕಡಲೂರಿನ ಕೊಳಕು ವಸತಿಯೊಂದರಲ್ಲಿ ತಂಗಿದ. ಅಲ್ಲಿ ಕಂಡ ಮನೆಯೊಡತಿ ಮತ್ತು ಒಬ್ಬಂಟಿ ಪಿಯಾನೋ ವಾದಕನಿಂದ ನಾಟಕಕ್ಕೆ ಬೀಜ ಬಿತ್ತು. ಬೀಜ ಆ ಮನೆಯದು. ಭಯ ಆ ಶತಮಾನದ್ದು.

ಹೀಗಿರುವಾಗ ಪಿಂಟರ್ ಏನು ಮಾಡಬಹುದಾಗಿತ್ತು? ಪೀಡಕರಿಗೆ ನಾಜಿಗಳ ಸಮವಸ್ತ್ರ ತೊಡಿಸಬಹುದಾಗಿತ್ತು. ಹಾಗೆ ಮಾಡಲಿಲ್ಲ. ಬಾಗಿಲು ತಟ್ಟಿದ ಇಬ್ಬರಲ್ಲಿ ಒಬ್ಬ ಯಹೂದಿ, ಇನ್ನೊಬ್ಬ ಐರಿಷ್. ಇಂಗ್ಲೆಂಡಿನಲ್ಲಿ ತಲೆಮಾರುಗಳಿಂದ ‘ನೀನು ಯಾರು, ಎಲ್ಲಿಂದ ಬಂದೆ?’ ಎಂಬ ಪ್ರಶ್ನೆಯನ್ನು ಎದುರಿಸಿದ ಸಮುದಾಯಗಳು ಇವು. ಗೋಲ್ಡ್‌ಬರ್ಗ್ ತಾಯಿಯ ಅಡುಗೆಯನ್ನು ನೆನೆಯುತ್ತಾನೆ, ಕುಟುಂಬ, ಶಿಸ್ತು, ಹಿರಿಯರ ಗೌರವ ಎಂದು ಉಪದೇಶಿಸುತ್ತಾನೆ. ಅವನಿಗೂ ಒಂದು ಸ್ಥಿರವಾದ ಹೆಸರಿಲ್ಲ. ತಾಯಿ ಕರೆದುದೊಂದು, ತಂದೆ ಕರೆದುದೊಂದು. ಗುರುತಿನ ಗೊಂದಲದಲ್ಲಿ ನರಳಿದವನೇ ಮತ್ತೊಬ್ಬನ ಗುರುತನ್ನು ವಿಚಾರಣೆಗೆಳೆಯುತ್ತಾನೆ. ತಾನು ಯಹೂದಿಯಾಗಿದ್ದೂ ಪಿಂಟರ್ ಹೀಗೆ ಬರೆದುದರಲ್ಲಿ ಒಂದು ನೈತಿಕ ಧೈರ್ಯವಿದೆ: ಪೀಡೆಗೆ ಒಳಗಾದ ಮಾತ್ರಕ್ಕೆ ಯಾರೂ ನಿರಪರಾಧಿಯಾಗಿ ಉಳಿಯುವುದಿಲ್ಲ.

ಇದೇ ಸತ್ಯ 1960ರ ‘ದಿ ಕೇರ್‌ಟೇಕರ್’ ನಾಟಕದಲ್ಲಿ ಇನ್ನೂ ಸ್ಪಷ್ಟವಾಗಿದೆ. ಡೇವಿಸ್ ಎಂಬ ಮುದಿ ಅಲೆಮಾರಿಗೆ ಎರಡು ಹೆಸರು. ತಾನು ಯಾರೆಂದು ರುಜುವಾತುಪಡಿಸುವ ಕಾಗದಪತ್ರಗಳು ಸಿಡ್‌ಕಪ್ ಎಂಬ ಊರಿನಲ್ಲಿ ಯಾರದೋ ಬಳಿ ಇವೆ, ಹವೆ ಸರಿಹೋದರೆ, ಕಾಲಿಗೊಪ್ಪುವ ಜೋಡು ಸಿಕ್ಕಿದರೆ ಹೋಗಿ ತರುತ್ತೇನೆ ಎನ್ನುತ್ತಾನೆ. ಹವೆ ಸರಿಹೋಗುವುದಿಲ್ಲ, ಜೋಡು ಒಪ್ಪುವುದಿಲ್ಲ. ಪ್ರೇಕ್ಷಕರು ನಗುತ್ತಾರೆ. ಆದರೆ ಆ ನಗೆಯ ಹಿಂದೆ ಒಂದು ಚರಿತ್ರೆಯಿದೆ. 1939ರಲ್ಲಿ ಯುದ್ಧದ ನಿಮಿತ್ತ ಬ್ರಿಟನ್ನಿನಲ್ಲಿ ಗುರುತಿನ ಚೀಟಿ ಜಾರಿಗೆ ಬಂತು. ಯುದ್ಧ ಮುಗಿದ ಮೇಲೂ ಅದು ಉಳಿಯಿತು. 1950ರ ಡಿಸೆಂಬರಿನಲ್ಲಿ ಕ್ಲಾರೆನ್ಸ್ ವಿಲ್‌ಕಾಕ್ ಎಂಬವರ ಕಾರನ್ನು ನಿಲ್ಲಿಸಿದ ಪೊಲೀಸ್ ಪೇದೆ ಚೀಟಿ ತೋರಿಸಲು ಹೇಳಿದಾಗ ಅವರು ನಿರಾಕರಿಸಿದರು. ಮೇಲಿನ ನ್ಯಾಯಾಲಯದವರೆಗೆ ಹೋದ ಆ ಮೊಕದ್ದಮೆಯಲ್ಲಿ ಕಾನೂನಿನಂತೆ ಅವರು ತಪ್ಪಿತಸ್ಥರೆಂದೇ ತೀರ್ಮಾನವಾಯಿತು. ಆದರೆ ಯುದ್ಧಕಾಲದ ಅಧಿಕಾರವನ್ನು ಶಾಂತಿಕಾಲದಲ್ಲಿ ಹೀಗೆ ಬಳಸುವುದು ತರವಲ್ಲವೆಂದು ಮುಖ್ಯ ನ್ಯಾಯಾಧೀಶ ಲಾರ್ಡ್ ಗಾಡರ್ಡ್ ಟೀಕಿಸಿದರು. 1952ರ ಫೆಬ್ರವರಿಯಲ್ಲಿ ಚೀಟಿಯೇ ರದ್ದಾಯಿತು. ವಿಲ್‌ಕಾಕ್ ‘ತೋರಿಸುವುದಿಲ್ಲ’ ಎನ್ನಬಲ್ಲವರಾಗಿದ್ದರು; ಡೇವಿಸ್‌ನಂಥವನಿಗೆ ಆ ಧೈರ್ಯ ಎಲ್ಲಿಂದ ಬರಬೇಕು?

ಡೇವಿಸ್‌ನ ಮೇಲೆ ನಮಗೆ ಕನಿಕರ ಹುಟ್ಟುವಷ್ಟರಲ್ಲಿ ಪಿಂಟರ್ ನಮ್ಮನ್ನು ತಡೆಯುತ್ತಾನೆ. ಕಾಗದವಿಲ್ಲದ ಈ ಮನುಷ್ಯ ಪಕ್ಕದ ಮನೆಯ ಕರಿಯ ವಲಸಿಗರನ್ನು ಬಾಯಿಗೆ ಬಂದಂತೆ ಬೈಯುತ್ತಾನೆ. ಲಂಡನ್ನಿನ ನಾಟಿಂಗ್ ಹಿಲ್‌ನಲ್ಲಿ ವಲಸಿಗರ ಮೇಲೆ ದಾಳಿಗಳು ನಡೆದು ಆಗ ಎರಡು ವರ್ಷವೂ ತುಂಬಿರಲಿಲ್ಲ. ಅಷ್ಟೇ ಅಲ್ಲ, ತನಗೆ ಆಶ್ರಯ ಕೊಟ್ಟ ಆಸ್ಟನ್, ತಾನು ಮಾನಸಿಕ ಆಸ್ಪತ್ರೆಯಲ್ಲಿ ವಿದ್ಯುತ್ ಆಘಾತಕ್ಕೆ ಒಳಗಾದ ಸಂಗತಿಯನ್ನು ನಂಬಿ ಹೇಳಿಕೊಂಡಾಗ, ಅದನ್ನೇ ಆಯುಧವಾಗಿಸಿ ‘ಮತ್ತೆ ಅಲ್ಲಿಗೇ ಸೇರಿಸಿಯಾರು’ ಎಂಬ ಬೆದರಿಕೆ ಹಾಕುತ್ತಾನೆ. ಬೆದರಿದವನಿಗೆ ಗೊತ್ತಿರುವುದು ಬೆದರಿಸುವ ವಿದ್ಯೆಯೊಂದೇ.

ಗುರುತಿನ ಈ ಪ್ರಶ್ನೆ ಭಾಷೆಯ ಪ್ರಶ್ನೆಯಾಗಿ ಬೆಳೆದುದು 1988ರ ‘ಮೌಂಟನ್ ಲ್ಯಾಂಗ್ವೇಜ್’ ಎಂಬ ಕಿರುನಾಟಕದಲ್ಲಿ. ಅರ್ಧ ಗಂಟೆಯೂ ಹಿಡಿಯದ ಕೃತಿ. 1985ರಲ್ಲಿ ಪಿಂಟರ್, ಅಮೆರಿಕದ ನಾಟಕಕಾರ ಆರ್ಥರ್ ಮಿಲ್ಲರ್ ಜೊತೆಗೆ ಟರ್ಕಿಗೆ ಹೋಗಿ ಸೆರೆವಾಸ, ಚಿತ್ರಹಿಂಸೆ ಅನುಭವಿಸಿದ ಬರಹಗಾರರನ್ನು ಕಂಡು ಬಂದಿದ್ದ. ಆ ದಿನಗಳಲ್ಲಿ ಕುರ್ದಿಶ್ ಭಾಷೆಯ ಬಳಕೆಗೆ ಅಲ್ಲಿ ಕಾನೂನಿನ ನಿಷೇಧವಿತ್ತು; ಕುರ್ದರೆಂಬ ಹೆಸರನ್ನೇ ಒಪ್ಪದೆ ಅವರನ್ನು ‘ಬೆಟ್ಟದ ತುರ್ಕರು’ ಎನ್ನುತ್ತಿದ್ದರು. ನಾಟಕದಲ್ಲಿ ದೇಶದ ಹೆಸರಿಲ್ಲ. ಸೆರೆಮನೆಯ ಹೊರಗೆ ಹೆಂಗಸರು ತಾಸುಗಟ್ಟಲೆ ನಿಂತಿದ್ದಾರೆ. ಮುದುಕಿಯೊಬ್ಬಳ ಕೈಯನ್ನು ಕಾವಲುನಾಯಿ ಕಚ್ಚಿದೆ. ಅಧಿಕಾರಿ ಆ ನಾಯಿಯ ಹೆಸರು ಹೇಳಿ ಎಂದು ಕೇಳುತ್ತಾನೆ. ಬೆಟ್ಟದ ಭಾಷೆ ನಿಷೇಧವಾಗಿದೆ, ರಾಜಧಾನಿಯ ಭಾಷೆಯಲ್ಲೇ ಮಾತಾಡಬೇಕು. ಮುದುಕಿಗೆ ಆ ಭಾಷೆ ಬಾರದು. ಆದ್ದರಿಂದ ಮಾತಾಡಬಾರದೆಂಬ ಆಜ್ಞೆಯೂ ಅವಳಿಗೆ ತಿಳಿಯದು. ಕೊನೆಯಲ್ಲಿ ನಿಯಮ ಬದಲಾಯಿತು, ನಿನ್ನ ಭಾಷೆಯಲ್ಲೇ ಮಾತಾಡಬಹುದು ಎನ್ನುತ್ತಾರೆ. ಎದುರಿಗೆ ಮಗ ಕುಳಿತಿದ್ದಾನೆ, ಅಂಗಲಾಚುತ್ತಾನೆ. ತಾಯಿ ಮಾತಾಡುವುದಿಲ್ಲ. ನಿಷೇಧವನ್ನು ಒಂದು ಆಜ್ಞೆಯಿಂದ ಹಿಂತೆಗೆಯಬಹುದು. ಒಳಗೆ ಇಂಗಿದ ಮಾತನ್ನು ಯಾವ ಆಜ್ಞೆಯೂ ಹಿಂತರಲಾರದು.

1996ರಲ್ಲಿ ಉತ್ತರ ಲಂಡನ್ನಿನಲ್ಲಿ ಕುರ್ದಿಶ್ ಕಲಾವಿದರು ಇದೇ ನಾಟಕದ ಅಭ್ಯಾಸ ನಡೆಸುತ್ತಿದ್ದಾಗ, ಅವರ ಕೈಯ ಆಟಿಕೆ ಬಂದೂಕುಗಳನ್ನು ನಿಜವೆಂದು ಭಾವಿಸಿ ಪೊಲೀಸರು ಮುತ್ತಿಗೆ ಹಾಕಿ ಹಿಡಿದರು. ತಮ್ಮೊಳಗೆ ಕುರ್ದಿಶ್‌ನಲ್ಲಿ ಮಾತಾಡಬಾರದೆಂದೂ ತಡೆದರು. ಪ್ರಜಾಪ್ರಭುತ್ವದ ತೊಟ್ಟಿಲೆನಿಸಿದ ನಾಡಿನಲ್ಲಿಯೂ ಬಾಗಿಲಿನಾಚೆಯ ಭಯ ಎಷ್ಟು ಸಮೀಪದ್ದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಗಡಿನಾಡಿನ ಓದುಗರಾದ ನಮಗೆ ಇಲ್ಲಿ ನಮ್ಮ ಕಥೆಯೇ ಕಂಡೀತು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ, ಕಚೇರಿಯ ಕಿಟಕಿಯ ಮುಂದೆ ತಿಳಿಯದ ಲಿಪಿಯ ಅರ್ಜಿ ಹಿಡಿದು ನಿಂತ ಅನುಭವ ನಮ್ಮಲ್ಲಿ ಹಲವರದು. ಆದರೂ ನಮ್ಮ ಕಷ್ಟವನ್ನು ಆ ಸೆರೆಮನೆಯ ಬಾಗಿಲಿನಲ್ಲಿ ನಿಂತ ತಾಯಿಯ ಕಷ್ಟಕ್ಕೆ ಹೋಲಿಸುವುದು ಅವಳಿಗೆ ಮಾಡುವ ಅಪಚಾರ. ನಮಗೆ ಸಂವಿಧಾನದ ರಕ್ಷೆಯಿದೆ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ 350ಎ ವಿಧಿಯಿದೆ. ಕೇಳುವ ಬಾಯಿಯಿದೆ, ಈ ಸಂಘವಿದೆ. ಆದ್ದರಿಂದ ನನ್ನನ್ನು ಕಾಡುವ ಪ್ರಶ್ನೆ ನಮಗೆ ಏನಾಯಿತು ಎಂಬುದಕ್ಕಿಂತಲೂ ನಾವೇನು ಮಾಡಿದೆವು ಎಂಬುದು. ಅನ್ಯರ ಮಾತು ಬಿಟ್ಟು ನನ್ನದನ್ನೇ ಹೇಳುತ್ತೇನೆ.

ನಾನು ಮುಖ್ಯೋಪಾಧ್ಯಾಯನಾಗಿದ್ದ ಶಾಲೆಯಲ್ಲಿ ಕನ್ನಡ ವಿಭಾಗದ ಹೆಚ್ಚಿನ ಮಕ್ಕಳ ಮನೆಮಾತು ತುಳು. ನನ್ನದೂ ಅದೇ. ಮಕ್ಕಳ ಸಂಖ್ಯೆ ಇಳಿದರೆ ಡಿವಿಷನ್ ಹೋಗುತ್ತದೆ, ಡಿವಿಷನ್ ಹೋದರೆ ಅಧ್ಯಾಪಕರ ಹುದ್ದೆ ಹೋಗುತ್ತದೆ, ಹುದ್ದೆ ಹೋದರೆ ಕನ್ನಡವೇ ಹೋಗುತ್ತದೆ ಎಂಬ ಭಯದಲ್ಲಿ ನಾವು ದಿನ ಕಳೆಯುತ್ತಿದ್ದೆವು. ಆ ಭಯದಿಂದಲೇ ಒಂದು ನಿಯಮ ಮಾಡಿದೆ: ತರಗತಿಯಲ್ಲಿ ತುಳು ಮಾತಾಡಿದರೆ ಹತ್ತು ಪೈಸೆ ದಂಡ. ಮಕ್ಕಳ ಒಳಿತಿಗೆಂದೇ ನಂಬಿದ್ದೆ. ಐದನೆಯ ತರಗತಿಯ ಒಬ್ಬ ಹುಡುಗ ಮೊದಲ ತಿಂಗಳು ಮೂರು ನಾಲ್ಕು ಸಲ ದಂಡ ಕೊಟ್ಟ. ಆಮೇಲೆ ಕೊಡಲಿಲ್ಲ. ಅವನ ಕನ್ನಡ ಸುಧಾರಿಸಿತೆಂದು ತಿಳಿದೆ. ವಾಸ್ತವದಲ್ಲಿ ಅವನು ಮಾತಾಡುವುದನ್ನೇ ನಿಲ್ಲಿಸಿದ್ದ. ಪ್ರಗತಿಪತ್ರದಲ್ಲಿ ‘ಸೌಮ್ಯ ಸ್ವಭಾವ, ವಿಧೇಯ’ ಎಂದು ನನ್ನ ಕೈಯಾರೆ ಬರೆದೆ.

ಒಂದು ದಿನ ಅವನ ತಾಯಿ ಶಾಲೆಗೆ ಬಂದರು. ಬೀಡಿ ಕಟ್ಟಿ ಸಂಸಾರ ನಡೆಸುತ್ತಿದ್ದ ಹೆಂಗಸು. ನನ್ನ ಕೋಣೆಯ ಬಾಗಿಲಿನ ದಾರಂದ ಹಿಡಿದು ನಿಂತರು. ‘ಯಾರು ನೀವು? ಏನಾಗಬೇಕಿತ್ತು?’ ಎಂದು ಗ್ರಾಂಥಿಕ ಕನ್ನಡದಲ್ಲಿ ಕೇಳಿದೆ. ‘ಮಾಷ್ಟ್ರೇ’ ಎಂದವರು ಮುಂದೆ ಮಾತಿಲ್ಲದೆ ನಿಂತರು. ಅವರ ಭಾಷೆ ನನ್ನ ಭಾಷೆಯೇ. ತುಳುವಿನಲ್ಲಿ ಒಂದು ಮಾತು ಆಡಿದ್ದರೆ ಸಾಕಿತ್ತು. ಆದರೆ ನಿಯಮ ಮಾಡಿದವನೇ ಮುರಿಯುವುದು ಹೇಗೆ? ಆ ಕುರ್ಚಿಯಲ್ಲಿ ಕುಳಿತು ನಾನು ತುಳು ಆಡಲಿಲ್ಲ. ಸ್ವಲ್ಪ ಹೊತ್ತು ನಿಂತು, ಕೈ ಮುಗಿದು, ಅವರು ಹೋದರು. ಏನು ಹೇಳಲು ಬಂದಿದ್ದರೆಂಬುದು ನನಗೆ ಇಂದಿಗೂ ತಿಳಿಯದು. ಪಕ್ಕದಲ್ಲಿದ್ದ ಸಹೋದ್ಯೋಗಿಯೊಬ್ಬರು ತಲೆ ತಗ್ಗಿಸಿ ಹಾಜರಿ ಪುಸ್ತಕ ನೋಡುತ್ತಿದ್ದರು. ಅವರೂ ತುಳುವರೇ.

ಪಿಂಟರ್‌ನ ನಾಟಕದ ಪೀಟಿ ಅಂಥವನೇ ಒಬ್ಬ ಸಜ್ಜನ. ಸ್ಟ್ಯಾನ್ಲಿಯನ್ನು ಕರೆದೊಯ್ಯುವಾಗ ತಡೆಯಲು ಮುಂದಾಗುತ್ತಾನೆ. ಕಾರಿನಲ್ಲಿ ಜಾಗವಿದೆ, ನೀವೂ ಬನ್ನಿ ಎಂದು ಗೋಲ್ಡ್‌ಬರ್ಗ್ ನಯವಾಗಿ ಕರೆದೊಡನೆ ನಿಂತಲ್ಲೇ ನಿಲ್ಲುತ್ತಾನೆ. ಆದರೂ, ಅವರು ಹೇಳಿದಂತೆ ಕೇಳಬೇಡವೆಂದು ಹಿಂದಿನಿಂದ ಕೂಗಿ ಹೇಳುತ್ತಾನೆ. ಇಡೀ ನಾಟಕದಲ್ಲಿ ಸ್ಟ್ಯಾನ್ಲಿಯ ಪರವಾಗಿ ಗಟ್ಟಿಯಾಗಿ ಎತ್ತಿದ ದನಿ ಅದೊಂದೇ. ಬಳಿಕ ಕುಳಿತು ಪತ್ರಿಕೆ ಬಿಡಿಸುತ್ತಾನೆ. ಮಕ್ಯಾನ್ ಹರಿದಿಟ್ಟ ಕಾಗದದ ಪಟ್ಟಿಗಳು ಅದರೊಳಗಿಂದ ಉದುರುತ್ತವೆ. ಸಂತೆಯಿಂದ ಮರಳಿದ ಮೆಗ್ ಹುಡುಗ ಎದ್ದನೇ ಎಂದು ಕೇಳಿದರೆ, ಮಲಗಿದ್ದಾನೆ, ಮಲಗಲಿ ಎನ್ನುತ್ತಾನೆ. ಹೆಂಡತಿಯ ಮನಸ್ಸು ನೋಯದಿರಲೆಂದು ಆಡಿದ ಸುಳ್ಳು. ಆ ಸುಳ್ಳಿನಲ್ಲಿ ಕರುಣೆಯಿದೆ, ಹೇಡಿತನವೂ ಇದೆ. ಎರಡನ್ನೂ ಬೇರ್ಪಡಿಸಿ ತೋರಿಸುವ ತಕ್ಕಡಿ ನನ್ನಲ್ಲಿಲ್ಲ.

ಮೊದಲು ಎತ್ತಿದ ಮೂರು ಪ್ರಶ್ನೆಗಳಿಗೆ ಬರುತ್ತೇನೆ. ‘ನೀನು ಯಾರು?’ ಎಂದು ಕೇಳುವ ಅಧಿಕಾರ, ತನ್ನನ್ನೂ ಅದೇ ಪ್ರಶ್ನೆಗೆ ಒಡ್ಡಿಕೊಳ್ಳಲು ಸಿದ್ಧನಿರುವವನಿಗೆ ಮಾತ್ರ ಇದೆಯೆಂದು ನನಗೆ ತೋರುತ್ತದೆ. ಉತ್ತರಿಸುವ ಬಾಧ್ಯತೆ, ಉತ್ತರವನ್ನು ನಂಬುವ ಮನಸ್ಸು ಎದುರಿಗಿದ್ದಾಗ ಮಾತ್ರ ಹುಟ್ಟುತ್ತದೆ. ಪಕ್ಕದಲ್ಲಿ ನಿಂತವನಿಗಾದರೋ ತಲೆ ಎತ್ತುವುದೇ ಮೊದಲ ಕರ್ತವ್ಯ. ಪೀಟಿಯಂತೆ ತಡವಾಗಿಯಾದರೂ ಒಮ್ಮೆ ಕೂಗುವುದು ಏನನ್ನೂ ಹೇಳದಿರುವುದಕ್ಕಿಂತ ಮೇಲು.

ಈ ಸಮ್ಮೇಳನದಲ್ಲಿ ಎಂದಿನಂತೆ ಮನವಿಪತ್ರವೊಂದು ಸಿದ್ಧವಾಗುತ್ತದೆ. ಕನ್ನಡದಲ್ಲಿ ಅರ್ಜಿ ನಮೂನೆಗಳು ಬೇಕು, ಕನ್ನಡ ಬಲ್ಲ ಅಧ್ಯಾಪಕರು ಬೇಕು ಎಂಬ ಆ ಬೇಡಿಕೆಗಳು ನ್ಯಾಯವಾದವು. ನಾನೂ ಸಹಿ ಹಾಕುತ್ತೇನೆ. ಸಹಿ ಹಾಕುವಾಗ ಬಾಗಿಲಿನ ದಾರಂದ ಹಿಡಿದು ನಿಂತ ಆ ತಾಯಿಯ ನೆನಪು ಬಾರದಿರದು. ಅವರ ಮಗನಿಂದ ವಸೂಲಾದ ಮೂವತ್ತೋ ನಲವತ್ತೋ ಪೈಸೆ, ಚಾಕ್ಪೀಸಿನ ಡಬ್ಬಿಯಲ್ಲಿ ಉಳಿದ ಚಿಲ್ಲರೆಯೊಡನೆ, ಆ ವರ್ಷದ ರಾಜ್ಯೋತ್ಸವದ ಸಿಹಿತಿಂಡಿಗೆ ಖರ್ಚಾಯಿತು. ಎಲ್ಲ ಮಕ್ಕಳಿಗೂ ಹಂಚಿದೆವು. ಅವನೂ ಸಾಲಿನಲ್ಲಿ ನಿಂತು ಕೈ ಚಾಚಿ ತೆಗೆದುಕೊಂಡ.